ಪುಡಿ ಮೊದಲು ಬಂತು, ಭಾರ ಆಮೇಲೆ: ವಯಸ್ಸಾದ ಹೆಂಗಸರ ಸ್ನಾಯುಬಲದ ಚರಿತ್ರೆ

ಇದು ಕಳೆದ ಭಾನುವಾರದ ವಿಡಿಯೋದ ಬರಹರೂಪ. ಮಾತಾಡುವಾಗ ಟೈಮ್ ಸಾಲದೆ ಬಿಟ್ಟಿದ್ದ ಕೆಲವು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ. ಹಾಗಾಗಿ ವಿಡಿಯೋ ನೋಡಿದವರೂ ಒಮ್ಮೆ ಕಣ್ಣಾಡಿಸಬಹುದು.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಓದಿದ್ದು ಎಂಟೆಕ್, ಪುಣೆಯಲ್ಲಿ ಕೋಡ್ ಬರೆಯೋ ಕೆಲಸ, ಹಳೆಯ ಸಂಶೋಧನಾ ಪ್ರಬಂಧಗಳನ್ನು ಹುಡುಕಿ ಓದೋ ಹುಚ್ಚು. ಈ ವಿಷಯ ಎತ್ತಿಕೊಳ್ಳೋಕೆ ಕಾರಣ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗ್ರೂಪು. ಅಲ್ಲಿ ತಿಂಗಳಿಗೆ ಒಂದು ಸಲವಾದರೂ ಈ ಪ್ರಶ್ನೆ ಬಂದೇ ಬರುತ್ತೆ: "ಅಮ್ಮ ತುಂಬಾ ವೀಕ್ ಆಗಿದ್ದಾರೆ, ಯಾವ ಪ್ರೋಟೀನ್ ಪೌಡರ್ ಕಳಿಸಿದ್ರೆ ಒಳ್ಳೇದು?" ಹಿಂಜವಡಿಯಲ್ಲಿ ಕೂತವರು ದಾವಣಗೆರೆಗೆ, ಗಚ್ಚಿಬೌಲಿಯಲ್ಲಿ ಕೂತವರು ಹಾಸನಕ್ಕೆ ಆರ್ಡರ್ ಹಾಕ್ತಾರೆ. ಎರಡು ದಿನದಲ್ಲಿ ಡಬ್ಬ ಮನೆ ಬಾಗಿಲಿಗೆ. ಇಷ್ಟು ಸುಲಭವಾಗಿ ಪುಡಿಯೇ ನಮ್ಮ ನೆನಪಿಗೆ ಯಾಕೆ ಬರುತ್ತೆ, ಅದಕ್ಕೂ ಸ್ನಾಯುವಿಗೂ ಗಂಟು ಹಾಕಿದವರು ಯಾರು ಅಂತ ಹುಡುಕಿದರೆ 19ನೇ ಶತಮಾನದ ಜರ್ಮನಿಗೆ ಹೋಗಬೇಕಾಗುತ್ತೆ.

ಯುಸ್ಟಸ್ ಫಾನ್ ಲೀಬಿಗ್ ಆ ಕಾಲದ ಅತಿ ದೊಡ್ಡ ರಸಾಯನಶಾಸ್ತ್ರಜ್ಞ. ಸ್ನಾಯು ಕೆಲಸ ಮಾಡುವಾಗ ಪ್ರೋಟೀನೇ ಉರಿದು ಶಕ್ತಿ ಕೊಡುತ್ತೆ ಅನ್ನೋದು ಅವನ ವಾದ. ಸೌದೆ ಉರಿದು ಒಲೆ ಕಾದ ಹಾಗೆ. ಹಾಗಾದರೆ ಬಲ ಬೇಕಾದವರು ಮಾಂಸದ ಸಾರ ಕುಡಿಯಬೇಕು! 1865ರಲ್ಲಿ ಅವನ ಹೆಸರಿನಲ್ಲೇ ಮಾಂಸಸಾರದ ಕಂಪನಿ ಶುರುವಾಯ್ತು. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ದನ ಕಡಿದು, ಕುದಿಸಿ, ಗಟ್ಟಿ ಮಾಡಿ, ಶೀಶೆಯಲ್ಲಿ ತುಂಬಿ ಯೂರೋಪಿಗೆ ಮಾರಾಟ.

ತಮಾಷೆ ಏನಂದ್ರೆ, ಅದೇ 1865ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫಿಕ್ ಮತ್ತು ವಿಸ್ಲಿಸೆನಸ್ ಅನ್ನೋ ಇಬ್ಬರು ಪ್ರೊಫೆಸರುಗಳು ಲೀಬಿಗ್‌ನ ವಾದವನ್ನು ತಮ್ಮ ಮೈಮೇಲೇ ಪರೀಕ್ಷೆ ಮಾಡಿದರು. ಪ್ರೋಟೀನ್ ಇರೋ ಆಹಾರವನ್ನೆಲ್ಲ ಬಿಟ್ಟು, ಪಿಷ್ಟವನ್ನು ಕೊಬ್ಬಿನಲ್ಲಿ ಕರಿದ ಬಿಲ್ಲೆಗಳನ್ನು ತಿಂದುಕೊಂಡು, ಸಕ್ಕರೆ ಹಾಕಿದ ಟೀ ಕುಡಿದುಕೊಂಡು ಫೌಲ್‌ಹಾರ್ನ್ ಬೆಟ್ಟ ಹತ್ತಿದರು. ಸುಮಾರು 2000 ಮೀಟರ್ ಏರು. ದಾರಿಯುದ್ದಕ್ಕೂ ತಮ್ಮ ಮೂತ್ರ ಸಂಗ್ರಹಿಸಿ, ಅದರಲ್ಲಿ ಎಷ್ಟು ಸಾರಜನಕ ಇದೆ ಅಂತ ಅಳೆದರು. ದೇಹದಲ್ಲಿ ಎಷ್ಟು ಪ್ರೋಟೀನ್ ಉರಿದಿದೆ ಅಂತ ಅದರಿಂದ ಗೊತ್ತಾಗುತ್ತೆ. ಲೆಕ್ಕ ಹಾಕಿ ನೋಡಿದರೆ ಉರಿದ ಪ್ರೋಟೀನಿನ ಶಕ್ತಿ ಅವರ ಮೈಭಾರವನ್ನು ಅಷ್ಟು ಎತ್ತರಕ್ಕೆ ಏರಿಸೋಕೆ ಸಾಕಾಗೋದೇ ಇಲ್ಲ. ಲೀಬಿಗ್‌ನ ಥಿಯರಿ ಬಿದ್ದುಹೋಯ್ತು. ಶೀಶೆಯ ವ್ಯಾಪಾರ ಮಾತ್ರ ಬೀಳಲಿಲ್ಲ.

ಅಲ್ಲಿಂದ ಮುಂದೆ ಪುಡಿಗಳದ್ದೇ ಮೆರವಣಿಗೆ. 1883ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನಲ್ಲಿ ಹಾರ್ಲಿಕ್ಸ್ ಪೇಟೆಂಟ್ ಆಯ್ತು. ಹಾಲು, ಮೊಳಕೆ ಬರಿಸಿದ ಬಾರ್ಲಿ, ಗೋಧಿ. ಶಿಶುಗಳಿಗೆ ಮತ್ತು ಕಾಯಿಲೆಯವರಿಗೆ ಅಂತ ಮಾಡಿದ್ದು. ಹಾಲಿನ ಪ್ರೋಟೀನಿನಿಂದ ಮಾಡಿದ ಪ್ಲಾಸ್ಮಾನ್ ಅನ್ನೋ ಪುಡಿಗೆ ಲೇಖಕ ಮಾರ್ಕ್ ಟ್ವೈನ್ ದುಡ್ಡು ಹಾಕಿ ಕಳಕೊಂಡ. ಅವನ ಹೂಡಿಕೆಯ ಬುದ್ಧಿ ಎಷ್ಟರಮಟ್ಟಿನದು ಅನ್ನೋದು ಬೇರೆಯೇ ಎಪಿಸೋಡ್ ಆಗುತ್ತೆ, ಬಿಡಿ. ನಮಗೆ ಬೇಕಾದ ವಿಷಯ ಇಷ್ಟು: ಬಾಣಂತಿ, ರೋಗಿ, ವಯಸ್ಸಾದವರು, ಮಕ್ಕಳು ಇವರೆಲ್ಲ ಒಂದೇ ಸಾಲಿನಲ್ಲಿ ನಿಂತರು. ಇವರಿಗೆ ಬೇಕಾದದ್ದು ವಿಶ್ರಾಂತಿ, ಜೊತೆಗೆ ಒಂದು ಲೋಟ ಬಿಸಿ ಪಾನೀಯ. ಇಂದಿಗೂ ಆಸ್ಪತ್ರೆಗೆ ನೋಡೋಕೆ ಹೋಗುವಾಗ ನಾವು ಕೈಯಲ್ಲಿ ಹಿಡಿದು ಹೋಗೋದೇನು, ನೆನಪಿಸಿಕೊಳ್ಳಿ.

ಅತ್ತ ಹೆಂಗಸರಿಗೆ ವ್ಯಾಯಾಮ ಹೇಳಿಕೊಟ್ಟವರೇ ಇರಲಿಲ್ಲ ಅಂತಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಡಯೋ ಲೂಯಿಸ್ ಅನ್ನೋನು 1861ರಲ್ಲಿ ವ್ಯಾಯಾಮ ಶಿಕ್ಷಕರ ಶಾಲೆಯನ್ನೇ ತೆರೆದ. ಹೆಂಗಸರನ್ನೂ ಸೇರಿಸಿಕೊಂಡ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಕಬ್ಬಿಣದ ಡಂಬೆಲ್ ಅವನಿಗೆ ಆಗಿಬರ್ತಿರಲಿಲ್ಲ. ಅವನದ್ದು ಮರದ ಡಂಬೆಲ್, ಕಾಳು ತುಂಬಿದ ಬಟ್ಟೆ ಚೀಲ. ಚುರುಕು ಮುಖ್ಯ, ಭಾರ ಬೇಡ. ಹೆಂಗಸರಿಗೆ ಅಂದ್ರೆ ಹಗುರ ಅನ್ನೋ ಆ ಅಭ್ಯಾಸ ಎಷ್ಟು ಗಟ್ಟಿ ಅಂದ್ರೆ, ನಮ್ಮ ಸೊಸೈಟಿ ಜಿಮ್ಮಿನಲ್ಲಿ ಈಗಲೂ ಗುಲಾಬಿ ಬಣ್ಣದ ಒಂದು ಕೆಜಿ ಡಂಬೆಲ್ ಜೋಡಿ ಇದೆ. ಬಾಸ್ಟನ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರ್ತೀವಿ.

ನಮ್ಮ ಕಡೆ ಹೇಗಿತ್ತು? ಗರಡಿ ಮನೆ ಅಂದ್ರೆ ಗಂಡಸರದ್ದು, ಕೆಮ್ಮಣ್ಣು ಕೂಡ ಗಂಡಸರದ್ದು. 1905ರ ಹೊತ್ತಿಗೆ ಯೂಜೆನ್ ಸ್ಯಾಂಡೋ ಭಾರತ ಸುತ್ತಿಹೋದ ಮೇಲೆ ಮೈಕಟ್ಟಿನ ಹುಚ್ಚು ಇಲ್ಲೂ ಹಬ್ಬಿತು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ಕಟ್ಟಿದರು, ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ವ್ಯಾಯಾಮದ ಪಾಠ ಕಳಿಸಿದರು. ಅವತ್ತಿನ ಆನ್‌ಲೈನ್ ಕೋಚಿಂಗ್ ಅನ್ನಿ. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದವರೂ ಅವರೇ ಅಂತ ಹೇಳಿದರೆ ನನ್ನ ಟೀಮಿನ ಕನ್ನಡದ ಹುಡುಗರು ನಂಬಲೇ ಇಲ್ಲ. ಇತ್ತ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಸೂರ್ಯನಮಸ್ಕಾರವನ್ನು ಶಾಲೆಗಳಿಗೆ ತಂದರು, 1928ರಲ್ಲಿ ಅದರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಪುಣೆಯವರು ಇಲ್ಲಿ ಗೊಂದಲ ಮಾಡಿಕೊಳ್ಳಬೇಡಿ, ನಾವು ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳೋ ಔಂಧ್ ಇದಲ್ಲ. ಇದು ಸಾತಾರಾ ಜಿಲ್ಲೆಯ ಔಂಧ್. ಅವರ ಮನೆಯಲ್ಲಿ ರಾಣಿಯೂ ನಮಸ್ಕಾರ ಹಾಕುತ್ತಿದ್ದರು. ಅಲ್ಲೂ ಎತ್ತುತ್ತಿದ್ದ ಭಾರ ತಮ್ಮ ಮೈಯದ್ದೇ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತೆ, ವಿಡಿಯೋ ಹಾಕೋ ಮುಂಚೆಯೇ ಸ್ನೇಹಿತರೊಬ್ಬರು ಎತ್ತಿದರು. "ನಮ್ಮ ಅಜ್ಜಿಯರು ಭಾರ ಎತ್ತಿಲ್ವಾ? ಒನಕೆ ಹಿಡಿದು ಭತ್ತ ಕುಟ್ಟಿದ್ರು, ರಾಗಿ ಬೀಸಿದ್ರು, ಬಾವಿಯಿಂದ ನೀರು ಸೇದಿ ಸೊಂಟದ ಮೇಲೆ ಕೊಡ ಹೊತ್ತು ತಂದ್ರು." ಖಂಡಿತ ಎತ್ತಿದ್ದಾರೆ. ಅಕ್ಕಿ ಗಿರಣಿ ಬಂತು, 1950ರ ದಶಕದಲ್ಲಿ ಕೊಯಮತ್ತೂರಿನ ಗ್ರೈಂಡರ್ ಬಂತು, 60ರ ದಶಕದಲ್ಲಿ ಮುಂಬೈನ ಸುಮೀತ್ ಮಿಕ್ಸಿ ಬಂತು, ಮನೆಯೊಳಕ್ಕೆ ನಲ್ಲಿ ಬಂತು. ಒಂದೊಂದಾಗಿ ಆ ಭಾರ ಇಳಿಯಿತು, ಇಳಿದದ್ದು ಒಳ್ಳೆಯದೇ ಆಯ್ತು. ಒನಕೆಯನ್ನು ಹಾಡಿ ಹೊಗಳೋರು ಒಂದು ವಾರ ಕುಟ್ಟಿ ನೋಡಲಿ. ದುಡಿತ ಬೇರೆ, ತರಬೇತಿ ಬೇರೆ. ದುಡಿತದಲ್ಲಿ ಭಾರ ಎಷ್ಟಿರಬೇಕು ಅಂತ ನಿರ್ಧರಿಸೋದು ಮನೆಯವರ ಹಸಿವು. ಬಾಣಂತನ ಮುಗಿದ ತಕ್ಷಣವೂ ಅದೇ ಕೊಡ, ಸೊಂಟ ಹಿಡಿದಿದ್ದರೂ ಅದೇ ಕೊಡ. ಮೈ ಚೇತರಿಸಿಕೊಳ್ಳಲು ಬಿಡುವಿಲ್ಲ, ಮೇಲೆ ಊಟ ಮಾಡೋದು ಎಲ್ಲರಿಗಿಂತ ಕೊನೆಗೆ. ತರಬೇತಿಯಲ್ಲಿ ಭಾರ ಆಳಿಗೆ ತಕ್ಕ ಹಾಗೆ ಶುರುವಾಗಿ, ಆಳು ಬಲವಾದ ಹಾಗೆ ಏರುತ್ತೆ, ನಡುವೆ ವಿಶ್ರಾಂತಿ ಇರುತ್ತೆ.

ಈ ಏರಿಕೆಯನ್ನು ವೈದ್ಯಶಾಸ್ತ್ರದೊಳಕ್ಕೆ ತಂದವನು ಥಾಮಸ್ ಡಿಲಾರ್ಮ್, ಅಮೆರಿಕ ಸೇನೆಯ ಡಾಕ್ಟರ್. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳು. ಶಿಕಾಗೋದ ಸೇನಾ ಆಸ್ಪತ್ರೆಯಲ್ಲಿ ಮಂಡಿಗೆ ಪೆಟ್ಟಾದ ಸೈನಿಕರು ತುಂಬಿಹೋಗಿದ್ದರು. ಅವತ್ತಿನ ಪದ್ಧತಿ ಏನಂದ್ರೆ ಹಗುರ ಭಾರವನ್ನು ನೂರಾರು ಸಲ ಎತ್ತಿಸೋದು. ತಿಂಗಳುಗಟ್ಟಲೆ ಆದರೂ ತೊಡೆ ತುಂಬಿಕೊಳ್ತಿರಲಿಲ್ಲ. ಡಿಲಾರ್ಮ್ ತಾನೇ ಭಾರ ಎತ್ತೋ ಅಭ್ಯಾಸ ಇದ್ದವನು. ಅವನು ಉಲ್ಟಾ ಮಾಡಿದ: ಹತ್ತು ಸಲ ಎತ್ತೋಕೆ ಸಾಧ್ಯವಾಗೋ ಅತಿ ಹೆಚ್ಚು ಭಾರ ಯಾವುದು ಅಂತ ಕಂಡುಹಿಡಿ, ಅದನ್ನು ಎತ್ತಿಸು, ಹತ್ತು ಸಲ ಸಲೀಸಾದರೆ ಭಾರ ಏರಿಸು. 1945ರಲ್ಲಿ ಪ್ರಬಂಧ ಬಂತು. ಇವತ್ತು ಯಾವ ಜಿಮ್ಮಿಗೆ ಹೋದರೂ ಕೇಳೋ "ಮೂರು ಸೆಟ್, ಹತ್ತು ರೆಪ್" ಅನ್ನೋ ಮಾತಿನ ಮೂಲ ಅಲ್ಲಿದೆ. ಮುಂದೆ ಪೋಲಿಯೋ ರೋಗಿಗಳಿಗೂ ಇದನ್ನೇ ಹೇಳಿಕೊಟ್ಟ.

ಯುವ ಸೈನಿಕನಿಗೆ ಸಿಕ್ಕ ಈ ವಿದ್ಯೆ ಎಪ್ಪತ್ತು ವರ್ಷದ ಹೆಂಗಸಿಗೆ ಸಿಗೋಕೆ ಇನ್ನೂ ನಲವತ್ತೈದು ವರ್ಷ ಬೇಕಾಯ್ತು. ಯಾಕೆ? ವಯಸ್ಸಾದ ಮೇಲೆ ಸ್ನಾಯು ಕರಗೋದು ಕಾಯಿಲೆ ಅಂತ ಯಾರೂ ಅಂದುಕೊಂಡಿರಲಿಲ್ಲ, ಅದಕ್ಕೊಂದು ಹೆಸರೂ ಇರಲಿಲ್ಲ. ಮೂಳೆ ಸವೆಯೋದಕ್ಕೆ ಹೆಸರಿತ್ತು, ಮರೆವಿಗೆ ಹೆಸರಿತ್ತು. ಸ್ನಾಯುವಿಗೆ "ವಯಸ್ಸಾಯ್ತಲ್ಲ" ಅನ್ನೋದೇ ರೋಗನಿರ್ಣಯ. 1988ರಲ್ಲಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ನಡೆದ ಒಂದು ಸಭೆಯಲ್ಲಿ ಇರ್ವಿನ್ ರೋಸೆನ್‌ಬರ್ಗ್ ಅನ್ನೋ ಪೌಷ್ಟಿಕಾಂಶ ತಜ್ಞ ಇದನ್ನೇ ಎತ್ತಿದ. ಇದನ್ನು ಜನ ಗಂಭೀರವಾಗಿ ತಗೋಬೇಕಾದರೆ ಗ್ರೀಕ್ ಮೂಲದ ಒಂದು ಹೆಸರು ಬೇಕು ಅಂತ ಅರ್ಧ ತಮಾಷೆಯಾಗಿಯೇ ಹೇಳಿ ಅವನು ಮುಂದಿಟ್ಟ ಪದ "ಸಾರ್ಕೋಪೀನಿಯಾ". ಸಾರ್ಕ್ಸ್ ಅಂದ್ರೆ ಮಾಂಸ, ಪೀನಿಯಾ ಅಂದ್ರೆ ಕೊರತೆ. ನಮ್ಮ ಹಳ್ಳಿಯವರು "ಮೈ ಇಳಿದುಹೋಗಿದೆ" ಅನ್ನೋದು ಇದನ್ನೇ. ಅಮೆರಿಕದ ರೋಗಪಟ್ಟಿಯಲ್ಲಿ ಈ ಹೆಸರಿಗೆ ಸ್ವಂತ ಕೋಡ್ ಸಿಕ್ಕಿದ್ದು 2016ರಲ್ಲಿ. ಹೆಸರಿಟ್ಟು ಇಪ್ಪತ್ತೆಂಟು ವರ್ಷ ಆದ ಮೇಲೆ ಟಿಕೆಟ್ ಓಪನ್ ಆಯ್ತು ಅನ್ನಿ.

ಈಗ ಬಾಸ್ಟನ್‌ಗೆ ಬರೋಣ. ಡಯೋ ಲೂಯಿಸ್ ಮರದ ಡಂಬೆಲ್ ಕೊಟ್ಟ ಅದೇ ಊರು. ಹೀಬ್ರೂ ರಿಹ್ಯಾಬಿಲಿಟೇಶನ್ ಸೆಂಟರ್ ಅನ್ನೋ ವೃದ್ಧರ ಆರೈಕೆ ಕೇಂದ್ರ. ಮರಿಯಾ ಫಿಯಾಟರೋನ್ ಅನ್ನೋ ಡಾಕ್ಟರ್ ಮತ್ತು ಅವರ ತಂಡ ಅಲ್ಲಿದ್ದ ಹತ್ತು ಜನರನ್ನು ಆರಿಸಿಕೊಂಡರು. ಸರಾಸರಿ ವಯಸ್ಸು 90. ಗಟ್ಟಿಮುಟ್ಟಾದ ತೊಂಬತ್ತು ಅಲ್ಲ, ಬಿದ್ದು ಎದ್ದು ಹಲವು ಕಾಯಿಲೆ ಹೊತ್ತ ತೊಂಬತ್ತು. ಇವರಿಗೆ ವಾರಕ್ಕೆ ಮೂರು ದಿನ, ಎಂಟು ವಾರ, ಕುರ್ಚಿಯಲ್ಲಿ ಕೂರಿಸಿ ಕಾಲಿನಿಂದ ಭಾರ ಎತ್ತಿಸಿದರು. ಭಾರ ಎಷ್ಟು ಗೊತ್ತಾ? ಒಂದು ಸಲಕ್ಕೆ ಗರಿಷ್ಠ ಎಷ್ಟು ಎತ್ತಬಲ್ಲರೋ ಅದರ 80%. ಅಂದ್ರೆ ಇಪ್ಪತ್ತೈದರ ಹುಡುಗನಿಗೆ ಜಿಮ್ಮಿನಲ್ಲಿ ಹೇಳೋ ಲೆಕ್ಕವೇ.

ಆವತ್ತಿನ ವಾತಾವರಣದಲ್ಲಿ ಇದು ಹುಚ್ಚುತನ ಅನ್ನಿಸಿರಬೇಕು. ತೊಂಬತ್ತರ ಅಜ್ಜಿಗೆ ಏನಾದರೂ ಹೆಚ್ಚುಕಮ್ಮಿ ಆದರೆ? ಹತ್ತರಲ್ಲಿ ಒಂಬತ್ತು ಜನ ಪೂರ್ತಿ ಮುಗಿಸಿದರು. 1990ರ ಜೂನ್‌ನಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಕಾಲಿನ ಬಲ ಸರಾಸರಿ 174% ಏರಿತ್ತು. 10 ಕೆಜಿ ಎತ್ತುತ್ತಿದ್ದ ಕಾಲು 27 ಕೆಜಿ ಎತ್ತಿದ ಹಾಗೆ. ಇಬ್ಬರು ಊರುಗೋಲು ಬಿಟ್ಟು ನಡೆದರು. ಕೈ ಊರದೆ ಕುರ್ಚಿಯಿಂದ ಏಳಲಾಗದಿದ್ದ ಮೂವರಲ್ಲಿ ಒಬ್ಬರು ಎದ್ದರು.

ಒಂದು ಅಂಕಿಯ ಹತ್ತಿರ ನಾನು ತುಂಬಾ ಹೊತ್ತು ನಿಂತೆ. ಬಲ 174% ಏರಿದೆ, ತೊಡೆಯ ಸ್ನಾಯುವಿನ ಗಾತ್ರ ಏರಿದ್ದು 9% ಮಾತ್ರ. ಉಳಿದದ್ದು ಎಲ್ಲಿಂದ ಬಂತು? ನರಗಳಿಂದ. ಎಷ್ಟೋ ವರ್ಷದಿಂದ ಮಿದುಳು ಕರೆ ಮಾಡೋದನ್ನೇ ಬಿಟ್ಟಿದ್ದ ಸ್ನಾಯುತಂತುಗಳಿಗೆ ಮತ್ತೆ ಕರೆ ಹೋಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹಾರ್ಡ್‌ವೇರ್ ಸ್ವಲ್ಪವೇ ಬದಲಾಯ್ತು, ಡ್ರೈವರ್ ಅಪ್‌ಡೇಟ್ ಆಯ್ತು. ಅದೇ ಪ್ರಬಂಧದಲ್ಲಿ ಇನ್ನೊಂದು ಸಾಲು ಇದೆ, ಅದನ್ನು ಯಾರೂ ಪೋಸ್ಟರ್ ಮಾಡಲ್ಲ: ತರಬೇತಿ ನಿಲ್ಲಿಸಿ ನಾಲ್ಕೇ ವಾರಕ್ಕೆ ಬಲದಲ್ಲಿ 32% ಇಳಿದುಹೋಯ್ತು.

ಹತ್ತು ಜನರಿಂದ ಏನೂ ಸಾಬೀತಾಗಲ್ಲ, ಅದಕ್ಕೇ ಎರಡನೇ ಸುತ್ತು ಬೇಕಾಯ್ತು. ನಮ್ಮ ವಾಟ್ಸಾಪ್ ಪ್ರಶ್ನೆಗೆ ನೇರ ಉತ್ತರ ಇರೋದು ಆ ಸುತ್ತಿನಲ್ಲೇ. 1994ರ ಪ್ರಬಂಧ ಅದು. ಅದೇ ಕೇಂದ್ರ, ಈ ಸಲ 100 ಜನ, ಅದರಲ್ಲಿ 63 ಹೆಂಗಸರು, ಸರಾಸರಿ ವಯಸ್ಸು 87, ಹತ್ತು ವಾರ. ನಾಲ್ಕು ಗುಂಪು. ಒಂದಕ್ಕೆ ಭಾರ ಎತ್ತುವ ತರಬೇತಿ. ಇನ್ನೊಂದಕ್ಕೆ ದಿನಾ 240 ಎಂಎಲ್ ಪೌಷ್ಟಿಕ ಪಾನೀಯ, 360 ಕ್ಯಾಲೊರಿ, ಸೋಯಾ ಪ್ರೋಟೀನ್ ಸೇರಿಸಿದ್ದು. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಪಾನೀಯ ಇಲ್ಲದವರಿಗೂ ಸತ್ವವಿಲ್ಲದ ಒಂದು ಪಾನೀಯ ಕೊಟ್ಟಿದ್ದರು, ಯಾರಿಗೂ ನಾನು ಕುಡೀತಿದ್ದೀನಿ, ಅದಕ್ಕೇ ಚೆನ್ನಾಗಿದ್ದೀನಿ ಅನ್ನೋ ಭ್ರಮೆ ಬರಬಾರದು ಅಂತ. ಎ/ಬಿ ಟೆಸ್ಟ್ ಮಾಡಿದವರಿಗೆ ಈ ವಿನ್ಯಾಸದ ಸೊಗಸು ಗೊತ್ತಾಗುತ್ತೆ. ಪುಡಿಯ ಕೆಲಸ ಎಷ್ಟು, ಭಾರದ ಕೆಲಸ ಎಷ್ಟು, ಎರಡೂ ಸೇರಿದರೆ ಹೆಚ್ಚುವರಿ ಏನಾದರೂ ಇದೆಯಾ, ಮೂರಕ್ಕೂ ಒಂದೇ ಪ್ರಯೋಗದಲ್ಲಿ ಉತ್ತರ.

ಭಾರ ಎತ್ತಿದವರ ಬಲ 113% ಏರಿತು, ಎತ್ತದವರದ್ದು 3%. ಎತ್ತಿದವರ ನಡಿಗೆಯ ವೇಗ ಸುಮಾರು 12% ಏರಿತು, ಎತ್ತದವರದ್ದು 1% ಇಳಿಯಿತು. ಮೆಟ್ಟಿಲು ಹತ್ತುವ ಶಕ್ತಿ 28%ಕ್ಕೆ 3.6%. ಪಾನೀಯದಿಂದ? ಮುಖ್ಯವಾಗಿ ಅಳೆದ ಯಾವ ಸಂಗತಿಯಲ್ಲೂ ಪರಿಣಾಮ ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಅನ್ನೋದು ಇನ್ನೂ ಕುತೂಹಲದ್ದು. ಒಟ್ಟು ಆಹಾರ ಹೆಚ್ಚಾಗಿದ್ದು ಪಾನೀಯವನ್ನೂ ಕುಡಿದು ಭಾರವನ್ನೂ ಎತ್ತಿದವರಲ್ಲಿ ಮಾತ್ರ. ಸುಮ್ಮನೆ ಕೂತು ಪಾನೀಯ ಕುಡಿದವರು ಅಷ್ಟರಮಟ್ಟಿಗೆ ಊಟ ಕಮ್ಮಿ ಮಾಡಿದರು. ನಿಮ್ಮ ಮನೆಯಲ್ಲೂ ನೋಡಿರ್ತೀರಿ: ಸಂಜೆ ಆರಕ್ಕೆ ಒಂದು ಲೋಟ ದಪ್ಪ ಪೇಯ ಕುಡಿದ ಅಮ್ಮ ರಾತ್ರಿ "ನಂಗೆ ಹಸಿವಿಲ್ಲ, ಒಂದು ತುತ್ತು ಮಜ್ಜಿಗೆ ಅನ್ನ ಸಾಕು" ಅಂತಾರೆ. ಬೇಳೆ ಸಾರು, ಪಲ್ಯ ಪಾತ್ರೆಯಲ್ಲೇ ಉಳಿಯುತ್ತೆ. ಡಬ್ಬಕ್ಕೆ ನಾವು ಕೊಟ್ಟ ದುಡ್ಡಿನಲ್ಲಿ ಒಂದು ಊಟ ಹೋಯ್ತು.

ಅದೇ 1994ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಿಂದಲೇ ಇನ್ನೊಂದು ಪ್ರಬಂಧ. ಮಿರಿಯಮ್ ನೆಲ್ಸನ್ ಎಂಬುವರು 50ರಿಂದ 70 ವಯಸ್ಸಿನ, ಮುಟ್ಟು ನಿಂತ ಹೆಂಗಸರಿಗೆ ವಾರಕ್ಕೆ ಎರಡು ದಿನದಂತೆ ಒಂದು ವರ್ಷ ಭಾರ ಎತ್ತಿಸಿದರು. ಎತ್ತಿದವರ ಮೂಳೆ ಸಾಂದ್ರತೆ ಸುಮಾರು 1% ಏರಿತು, ಎತ್ತದವರದ್ದು ಸುಮಾರು 2% ಇಳಿಯಿತು. ಮೂಳೆ ಸವೆದವರು ಭಾರ ಮುಟ್ಟಲೇಬಾರದು ಅನ್ನೋ ಭಯ ಮಾತ್ರ ಇನ್ನೂ ಬಹಳ ವರ್ಷ ಉಳಿಯಿತು. ಅದನ್ನು ಎದುರಿಸಿದ್ದು ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಬೆಲಿಂಡಾ ಬೆಕ್ ಅವರ ತಂಡ. ಮೂಳೆ ಸಾಂದ್ರತೆ ಕಮ್ಮಿ ಇದ್ದ 101 ಹೆಂಗಸರು, ಸರಾಸರಿ ವಯಸ್ಸು 65. ಅರ್ಧದಷ್ಟು ಜನ ಎಂಟು ತಿಂಗಳು, ವಾರಕ್ಕೆ ಎರಡು ಸಲ ಅರ್ಧರ್ಧ ಗಂಟೆ, ತರಬೇತುದಾರರ ಕಣ್ಣೆದುರಿಗೆ ಡೆಡ್‌ಲಿಫ್ಟ್, ಸ್ಕ್ವಾಟ್ ಮಾಡಿದರು. ಅವರ ಬೆನ್ನುಮೂಳೆಯ ಸಾಂದ್ರತೆ 2.9% ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು 1.2% ಇಳಿಯಿತು. "ಕಣ್ಣೆದುರಿಗೆ" ಅನ್ನೋ ಪದ ಮುಖ್ಯ. ಇದನ್ನು ಓದಿ ನಾಳೆ ಬೆಳಿಗ್ಗೆ ಅಮ್ಮನ ಕೈಗೆ ನಲವತ್ತು ಕೆಜಿ ಕೊಡಬೇಡಿ ಮಾರಾಯ್ರೆ.

ಪುಡಿಯ ಕಡೆಯ ನ್ಯಾಯವನ್ನೂ ಹೇಳಬೇಕು. ಪ್ರೋಟೀನ್ ಬೇಡ ಅಂತ ಈ ಚರಿತ್ರೆ ಹೇಳಲ್ಲ. ಇಟ್ಟಿಗೆ ಇಲ್ಲದೆ ಗೋಡೆ ಏಳಲ್ಲ, ವಯಸ್ಸಾದ ಸ್ನಾಯು ಅದೇ ಇಟ್ಟಿಗೆಗೆ ಮೊದಲಿನಷ್ಟು ಚುರುಕಾಗಿ ಸ್ಪಂದಿಸೋದೂ ಇಲ್ಲ. ಭಾರತದ ಶಿಫಾರಸು ದಿನಕ್ಕೆ ಪ್ರತಿ ಕೆಜಿ ಮೈತೂಕಕ್ಕೆ 0.83 ಗ್ರಾಂ. 55 ಕೆಜಿಯ ಅಮ್ಮನಿಗೆ ಸುಮಾರು 46 ಗ್ರಾಂ. ವಯಸ್ಸಾದವರ ಮೇಲೆ ಕೆಲಸ ಮಾಡೋ ಅಂತರರಾಷ್ಟ್ರೀಯ ತಜ್ಞರ ಒಂದು ಗುಂಪು 2013ರಲ್ಲಿ ಹೇಳಿದ್ದು 1ರಿಂದ 1.2 ಗ್ರಾಂ. ಕಿಡ್ನಿ ತೊಂದರೆ ಇರೋರಿಗೆ ಈ ಲೆಕ್ಕ ಅನ್ವಯಿಸಲ್ಲ, ಡಾಕ್ಟರನ್ನೇ ಕೇಳಬೇಕು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಅನೂರ ಕುರ್ಪಾಡ್ ಮತ್ತಿತರರು ಭಾರತೀಯರ ಮೇಲೆ ಮಾಡಿದ ಕೆಲಸವೂ ಸೇರಿ, ಲೈಸೀನ್ ಅನ್ನೋ ಅಮೈನೊ ಆಮ್ಲದ ಅಗತ್ಯ ಹಿಂದೆ ಅಂದುಕೊಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಅಂತ ಗೊತ್ತಾಯ್ತು. 1985ರಲ್ಲಿ ಕೆಜಿಗೆ 12 ಮಿಲಿಗ್ರಾಂ ಇದ್ದದ್ದು 2007ರ ವಿಶ್ವಸಂಸ್ಥೆಯ ವರದಿಯಲ್ಲಿ 30 ಆಯ್ತು. ಅಕ್ಕಿ, ಗೋಧಿಯಲ್ಲಿ ಕಮ್ಮಿ ಇರೋದು ಇದೇ ಲೈಸೀನ್. ಬೇಳೆಯಲ್ಲಿ, ಹಾಲಿನಲ್ಲಿ, ಮೊಟ್ಟೆಯಲ್ಲಿ ಧಾರಾಳವಾಗಿದೆ. ಅಂದ್ರೆ ಅನ್ನದ ರಾಶಿಗೆ ತಿಳಿಸಾರು ಹಾಕಿಕೊಳ್ಳೋ ಅಮ್ಮನಿಗೆ ಕೊರತೆ ನಿಜ, ಅದನ್ನು ತುಂಬೋ ಸಾಮಾನು ಅಡುಗೆಮನೆಯಲ್ಲೇ ಇದೆ ಅನ್ನೋದೂ ನಿಜ. 49 ಅಧ್ಯಯನ, 1863 ಜನರನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಭಾರ ಎತ್ತೋ ಜೊತೆಗೆ ಹೆಚ್ಚುವರಿ ಪ್ರೋಟೀನ್ ಕೊಟ್ಟರೆ ಸಿಕ್ಕ ಲಾಭ ಸರಾಸರಿ 300 ಗ್ರಾಂ ಸ್ನಾಯುವಿನಷ್ಟು. ವಯಸ್ಸು ಏರಿದ ಹಾಗೆ ಆ ಲಾಭವೂ ಕಮ್ಮಿ.

ಪುಡಿ ತಯಾರಿಸೋದರಲ್ಲಿ ನಮ್ಮ ಮೈಸೂರೂ ಹಿಂದೆ ಬಿದ್ದಿರಲಿಲ್ಲ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಕಡಲೆಕಾಯಿ ಹಿಟ್ಟು, ಕಡಲೆ ಹಿಟ್ಟು ಸೇರಿಸಿ ಅಗ್ಗದ ಪೌಷ್ಟಿಕ ಪುಡಿ ಮಾಡಿತ್ತು. ಅದರ ಕಣ್ಣು ಹಸಿದ ಮಕ್ಕಳ ಮೇಲೆ, ಆ ಕಾಲಕ್ಕೆ ಅದೇ ಸರಿ. ಅಜ್ಜಿ ಆ ಲೆಕ್ಕದಲ್ಲೇ ಇರಲಿಲ್ಲ.

ಕ್ರಿಯಾಟಿನ್ ಬಗ್ಗೆ ಬೇಗ ಹೇಳಿ ಮುಂದೆ ಹೋಗ್ತೀನಿ. 1832ರಲ್ಲಿ ಫ್ರಾನ್ಸಿನ ಶೆವ್ರಲ್ ಮಾಂಸದಲ್ಲಿ ಕಂಡುಹಿಡಿದದ್ದು, 1992ರ ನಂತರ ಕ್ರೀಡಾಪಟುಗಳ ಬ್ಯಾಗಿಗೆ ಸೇರಿತು. ಮಾಂಸ ತಿನ್ನದವರ ಸ್ನಾಯುವಿನಲ್ಲಿ ಇದು ಕಮ್ಮಿ ಇರುತ್ತೆ, ಹಾಗಾಗಿ ಸಸ್ಯಾಹಾರಿ ಅಮ್ಮಂದಿರಿಗೆ ಒಳ್ಳೇದು ಅನ್ನೋ ಮಾತಿಗೆ ಒಂದು ತರ್ಕ ಇದೆ. ಆದರೆ 2023ರಲ್ಲಿ ಕೆನಡಾದ ತಂಡ ಮುಟ್ಟು ನಿಂತ 237 ಹೆಂಗಸರ ಮೇಲೆ ಎರಡು ವರ್ಷ, ವ್ಯಾಯಾಮದ ಜೊತೆಗೆ ಕೊಟ್ಟು ನೋಡಿದಾಗ ಮೂಳೆ ಸಾಂದ್ರತೆಗೆ ಪ್ರಯೋಜನ ಕಾಣಲಿಲ್ಲ.

ವಿಟಮಿನ್ ಡಿ ಕಥೆ ಮಾತ್ರ ಸ್ವಲ್ಪ ಎಚ್ಚರಿಕೆಯಿಂದ ಕೇಳಿ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2256 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟರು. ಬೀಳೋದು ತಪ್ಪಲಿ, ಮೂಳೆ ಮುರಿಯದಿರಲಿ ಅಂತ. 2010ರಲ್ಲಿ ಫಲಿತಾಂಶ ಬಂದಾಗ ವಿಟಮಿನ್ ತಗೊಂಡವರೇ 15% ಹೆಚ್ಚು ಬಿದ್ದಿದ್ದರು, ಮೂಳೆ ಮುರಿತ 26% ಹೆಚ್ಚು. 2016ರಲ್ಲಿ ಜ್ಯೂರಿಕ್‌ನ ಅಧ್ಯಯನದಲ್ಲೂ ತಿಂಗಳಿಗೆ 60,000 ಯೂನಿಟ್ ತಗೊಂಡ ಹಿರಿಯರು 24,000 ತಗೊಂಡವರಿಗಿಂತ ಹೆಚ್ಚು ಬಿದ್ದರು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡು ಡಾಕ್ಟರ್ ಬರೆದುಕೊಟ್ಟರೆ ಅದು ಬೇರೆ ಮಾತು. ಆದರೆ 60,000ದ ಸ್ಯಾಶೆಯನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು, ಟೀ ಪುಡಿಯ ಪಕ್ಕ ಇಟ್ಟುಕೊಂಡು, ನೆನಪಾದಾಗ ಒಂದು ಹಾಕಿಕೊಳ್ಳೋ ಮನೆಗಳು ನನಗೇ ನಾಲ್ಕೈದು ಗೊತ್ತು.

1994ರಲ್ಲೇ ಇಷ್ಟು ಸ್ಪಷ್ಟವಾಗಿದ್ದರೂ ಡಬ್ಬ ಯಾಕೆ ಗೆದ್ದಿತು? ಒಂದು ಕಾರಣ ಎಲ್ಲರಿಗೂ ಗೊತ್ತಿರೋದೇ. ಪುಡಿಗೆ ಕಂಪನಿ ಇದೆ, ಜಾಹೀರಾತಿದೆ. ಕುರ್ಚಿಯಿಂದ ಹತ್ತು ಸಲ ಎದ್ದು ಕೂರೋದನ್ನು ಯಾರೂ ಮಾರಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪೇಯಗಳನ್ನು "ಹೆಲ್ತ್ ಡ್ರಿಂಕ್" ಅನ್ನೋ ವರ್ಗದಿಂದ ತೆಗೆಯಿರಿ ಅಂತ ಹೇಳಿತು. ಲೇಬಲ್ ಬದಲಾಯ್ತು, ನಮ್ಮ ಆರ್ಡರ್ ಬದಲಾಗಲಿಲ್ಲ. ಎರಡನೇ ಕಾರಣ ನಮ್ಮಂಥವರದ್ದು. ಡಬ್ಬವನ್ನು ಪುಣೆಯಿಂದ ಕಳಿಸಬಹುದು. ಭಾರ ಎತ್ತಿಸೋಕೆ ಪಕ್ಕದಲ್ಲಿ ಒಬ್ಬರು ನಿಲ್ಲಬೇಕು, ಬೆನ್ನು ಬಾಗಿದರೆ ಹೇಳಬೇಕು, ಮುಂದಿನ ವಾರ ಒಂದು ಕೆಜಿ ಏರಿಸಬೇಕು, ನಾಲ್ಕು ವಾರ ಬಿಟ್ಟರೆ ಕರಗುತ್ತೆ ಅಂತ ಗೊತ್ತಿದ್ದು ಬಿಡದೆ ನಡೆಸಬೇಕು. ಬಾಸ್ಟನ್‌ನಲ್ಲಿ ಆ ಒಬ್ಬರು ಇದ್ದರು. ನಮ್ಮ ಅಮ್ಮಂದಿರು ಇರೋ ಊರುಗಳಲ್ಲಿ ಆ ಒಬ್ಬರು ನಾವಾಗಿರಬೇಕಿತ್ತು, ನಾವು ಇಲ್ಲಿದ್ದೀವಿ.

ಆದರೂ ನಮಗೆ ಒಂದು ಕಿಟಕಿ ಇದೆ. ಮೊಮ್ಮಕ್ಕಳನ್ನು ನೋಡಿಕೊಳ್ಳೋಕೆ ಅಂತ ಅಮ್ಮಂದಿರು ವರ್ಷಕ್ಕೆ ನಾಲ್ಕೈದು ತಿಂಗಳು ಬಂದು ನಮ್ಮ ಜೊತೆ ಇರ್ತಾರೆ. ಸೊಸೈಟಿಯ ಜಿಮ್ಮು ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಹೊಡೀತಿರುತ್ತೆ. ನಮ್ಮಲ್ಲಿನ ಟ್ರೇನರ್ ಸೊಲ್ಲಾಪುರದವನು, ಮನೆಮಾತು ಕನ್ನಡ. ನಮ್ಮಮ್ಮನಿಗೆ 66, ಊರು ತುಮಕೂರು. ಮೊದಲ ದಿನ ಕರೆದಾಗ, "ಈ ವಯಸ್ಸಲ್ಲಿ ನಾನೇನು ದಾರಾಸಿಂಗ್ ಆಗ್ಬೇಕೇನೋ" ಅಂದರು. ಏಷ್ಯಾದ ತಜ್ಞರ 2019ರ ಅಳತೆ ಒಂದಿದೆ: ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರೋಕೆ 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಸ್ನಾಯುಬಲ ಪರೀಕ್ಷೆ ಮಾಡಿಸಬೇಕು. ಹೆಂಗಸರ ಮೀನಖಂಡದ ಸುತ್ತಳತೆ 33 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ದರೂ ಹಾಗೇ. ಫೋನಿನ ಸ್ಟಾಪ್‌ವಾಚ್ ಹಿಡಿದು ನೋಡಿದೆ, ಅಮ್ಮನಿಗೆ 15 ಸೆಕೆಂಡ್. ಬಿಪಿ, ಮಂಡಿ ಎಲ್ಲ ಡಾಕ್ಟರಿಗೆ ತೋರಿಸಿ ಒಪ್ಪಿಗೆ ತಗೊಂಡು, ಬರಿಗೈಯಲ್ಲಿ ಕುರ್ಚಿಯಿಂದ ಏಳೋದರಿಂದ ಶುರು ಮಾಡಿದರು. ಸೀರೆ ಉಟ್ಟುಕೊಂಡು ಆಗಲ್ಲ ಅಂತ ಮೂರನೇ ದಿನ ನನ್ನ ಹೆಂಡತಿಯ ಚೂಡಿದಾರ್ ಬಂತು. ಪಕ್ಕದ ಬ್ಲಾಕಿನ ಇಬ್ಬರು ಮರಾಠಿ ಅಜ್ಜಿಯರು ಸೇರಿಕೊಂಡರು. ಮೂರು ತಿಂಗಳಿಗೆ 10 ಸೆಕೆಂಡ್ ಆಯ್ತು, ಎದೆಗೆ ಅವುಚಿಕೊಂಡ ಭಾರ ಎಂಟು ಕೆಜಿ.

ಜೂನ್‌ನಲ್ಲಿ ಊರಿಗೆ ವಾಪಸ್ ಹೋದರು. ತುಮಕೂರಿನ ನಮ್ಮ ಬೀದಿಯಲ್ಲಿ ಜಿಮ್ ಇಲ್ಲ, ಇದ್ದರೂ ಹೋಗಲ್ಲ. ಹಾಗಾಗಿ ಬುಧವಾರ, ಶನಿವಾರ ರಾತ್ರಿ ಎಂಟಕ್ಕೆ ವಿಡಿಯೋ ಕಾಲ್. ಅಮ್ಮ, ಎದುರು ಮನೆಯ ಚಿಕ್ಕಮ್ಮ, ಗೋಡೆಗೆ ಒರಗಿಸಿದ ಎರಡು ಕುರ್ಚಿ, ಬಟ್ಟೆ ಚೀಲದಲ್ಲಿ ತೂಗಿ ತುಂಬಿದ ರಾಗಿ. ಎಣಿಸೋದು ನಾನು. ಕಳೆದ ಶನಿವಾರ ಆರಕ್ಕೇ ಚಿಕ್ಕಮ್ಮ ಕೂತುಬಿಟ್ಟರು, ಅಮ್ಮ ಹತ್ತು ಮುಗಿಸಿ, "ಲೋ, ಇದು ಹಗುರ ಆಗ್ಹೋಗಿದೆ, ನಾಳೆ ಗಿರಣಿಗೆ ಒಂದು ಸೇರು ಕಳಿಸ್ಬೇಕು, ತೆಗೆದ ಮೇಲೆ ಮತ್ತೆ ತುಂಬಿ ಎಷ್ಟು ಮಾಡ್ಲಿ?" ಅಂತ ಕೇಳಿದರು. ಒಂಬತ್ತು ಮಾಡು ಅಂದೆ.